ಬೀಳಲು ಕಲಿಸಿದವರು

ಶುಕ್ರವಾರ, ನವೆಂಬರ್ ೧೪. ಬೆಳಿಗ್ಗೆ ೬.೨೦. ಬಿನ್ ಒಮ್ರಾನ್, ಅಣ್ಣನ ಮನೆ. ಅಣ್ಣ ಅತ್ತಿಗೆ ಇನ್ನೂ ಎದ್ದಿಲ್ಲ.

ನಿನ್ನೆ ಮಧ್ಯಾಹ್ನ ನಮ್ಮ ಜಿಮ್‌ನ ಹಿಂದಿನ ಕೋಣೆಯಿಂದ ಹದಿನಾರು ನೀಲಿ ಮ್ಯಾಟುಗಳನ್ನು ಪಿಕಪ್‌ಗೆ ಹೇರಿಕೊಂಡು ಹೋದರು. ನಾನೇ ಎಣಿಸಿ ಕೊಟ್ಟೆ, ಚೀಟಿಗೆ ಸಹಿಯನ್ನೂ ಹಾಕಿದೆ. ಆ ಕೋಣೆಗೆ ಇನ್ನು ಸೈಕಲ್‌ಗಳು ಬರುತ್ತವಂತೆ. ಆ ಮ್ಯಾಟುಗಳ ಮೇಲೆ ಒಂದು ವರ್ಷ ನಾಲ್ಕು ತಿಂಗಳು ಬೀಳುವ ತರಗತಿ ನಡೆಸಿದ ಹೆಂಗಸಿನ ಬಗ್ಗೆ ಬರೆಯಬೇಕೆಂದು ಮೇ ತಿಂಗಳಿನಿಂದ ಅಂದುಕೊಂಡು ಮುಂದೂಡುತ್ತಿದ್ದೆ. ಇನ್ನು ಮುಂದೂಡಲು ಮ್ಯಾಟುಗಳೂ ಇಲ್ಲ.

ಅವರ ಹೆಸರು ಬರೆಯುವುದಿಲ್ಲ. ನಾವು ಮೇಡಂ ಎನ್ನುತ್ತಿದ್ದೆವು. ಜಪಾನಿನವರು. ಟಿವಿಯಲ್ಲಿ ತೋರಿಸುವಂಥ ಕುಸ್ತಿಯಲ್ಲಿ, ಹಗ್ಗ ಕಟ್ಟಿದ ರಿಂಗಿನಲ್ಲಿ, ಒಂಬತ್ತು ವರ್ಷ ಕೆಟ್ಟವಳಾಗಿ ಆಡಿದವರು. ಕೆಟ್ಟವಳು ಎಂದರೆ ಕಣ್ಣಿಗೆ ಪುಡಿ ಎರಚುವವಳು, ರೆಫರಿಯ ಬೆನ್ನ ಹಿಂದೆ ಸರಪಳಿ ತೆಗೆಯುವವಳು, ಸಾವಿರಾರು ಹುಡುಗಿಯರಿಂದ ಗಂಟಲು ಹರಿಯುವಂತೆ ಬೈಸಿಕೊಳ್ಳುತ್ತಿದ್ದವಳು. ನಾನು ಕಂಡಾಗ ಅವರಿಗೆ ಐವತ್ತೈದು ದಾಟಿತ್ತು. ಎಡ ಮೊಣಕಾಲು ಮಡಚುತ್ತಿರಲಿಲ್ಲ.

ಇಲ್ಲಿ ಗಲ್ಫಿನಲ್ಲಿ, ಅಲ್ ವುಕೈರ್‌ನ ಅಪಾರ್ಟ್‌ಮೆಂಟೊಂದರ ಕೆಳಗಿನ ಹೆಂಗಸರ ಜಿಮ್‌ನ ಕೌಂಟರಿನಲ್ಲಿ ನನ್ನ ಕೆಲಸ. ಕೆಲಸ ಕೇಳಿಕೊಂಡು ಬಂದವರಿಗೆ ಅರ್ಜಿ ಕೊಡುವವಳೂ ನಾನೇ. ಮೇಡಂ ಬಂದದ್ದು ಸೆಪ್ಟೆಂಬರಿನ ಒಂದು ಭಾನುವಾರ. ಹಿಂದಿನ ಉದ್ಯೋಗ ಎಂಬ ಕಾಲಂ ಖಾಲಿ ಬಿಟ್ಟಿದ್ದರು. ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

"ಬೀಳುತ್ತಿದ್ದೆ," ಎಂದರು.

ನಾನು ಪೆನ್ನು ಹಿಡಿದುಕೊಂಡೇ ಇದ್ದೆ. "ಬರಿ," ಎಂದರು. ಬರೆದೆ. ಅವರ ಇಂಗ್ಲಿಷ್ ಮೂರು ನಾಲ್ಕು ಪದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಇಲ್ಲಿ ಕನ್ನಡಕ್ಕೆ ತರುವಾಗ ವಾಕ್ಯಗಳನ್ನು ನಾನು ಪೂರ್ತಿ ಮಾಡಿದ್ದೇನೆ, ಮಾತು ಸೇರಿಸಿಲ್ಲ.

ಮೊದಲ ಮೂರು ತಿಂಗಳು ಅವರನ್ನು ಟ್ರೆಡ್‌ಮಿಲ್ ಒರೆಸಲು, ಹೊಸಬರಿಗೆ ಬೆನ್ನು ಬಗ್ಗಿಸಿ ತೋರಿಸಲು ಇಟ್ಟುಕೊಂಡಿದ್ದರು. ತರಗತಿ ಶುರುವಾದದ್ದು ಜುಬೈದಕ್ಕನಿಂದ. ಉಳ್ಳಾಲದವರು, ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ, ಗಂಡ ಮೆಸಯೀದ್‌ನ ಪ್ಲಾಂಟಿನಲ್ಲಿ. ಆ ಸಲ ಊರಿಗೆ ಹೋದಾಗ ಅವರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದನ್ನು ನೋಡಿ ಬಂದಿದ್ದರು.

"ಮೇಡಂ, ನಂಗೆ ತೆಳ್ಳಗಾಗುದು ಬೇಡ," ಎಂದರು ಜುಬೈದಕ್ಕ, ಅರ್ಧ ಹಿಂದಿ ಅರ್ಧ ಕೈಸನ್ನೆಯಲ್ಲಿ. "ಬೀಳದೆ ಇರುದು ಹೇಗೆ ಅಂತ ಹೇಳಿಕೊಡಿ."

"ಬೀಳದೆ ಇರುವುದು ನನಗೆ ಗೊತ್ತಿಲ್ಲ. ಬೀಳುವುದು ಗೊತ್ತು."

ಜುಬೈದಕ್ಕ ನನ್ನತ್ತ ತಿರುಗಿ, "ಇವರು ತಮಾಷೆ ಮಾಡುದಾ ಅಲ್ಲ ಸೀರಿಯಸ್ಸಾ?" ಎಂದರು. ಸೀರಿಯಸ್ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಜನವರಿಯಲ್ಲಿ ತರಗತಿ ಶುರುವಾಯಿತು. ಭಾನುವಾರ, ಮಂಗಳವಾರ, ಗುರುವಾರ, ಬೆಳಿಗ್ಗೆ ಹತ್ತೂವರೆ, ಮಕ್ಕಳೆಲ್ಲ ಶಾಲೆಯಲ್ಲಿರುವ ಹೊತ್ತು. ಮೊದಲ ದಿನ ಐದು ಜನ. ಮಾರ್ಚಿಗೆ ಹದಿನಾಲ್ಕು. ಗೋಡೆಯ ಮೇಲೆ ಮೇಡಂ ನನ್ನಿಂದ ಕನ್ನಡದಲ್ಲಿ ಬರೆಸಿ ಅಂಟಿಸಿದ ಮೂರು ಸಾಲು: ಚಿನ್ನ ಮಾಫಿ. ಫೋನ್ ಮಾಫಿ. ನಾಚಿಕೆ ಮಾಫಿ. ಇಲ್ಲಿನ ಅರಬಿಯಲ್ಲಿ ಮಾಫಿ ಎಂದರೆ ಇಲ್ಲ. ಚಿನ್ನದ ಸಾಲಿಗೆ ಅತಿ ಹೆಚ್ಚು ತಕರಾರು ಬಂತು. ಹದಿನೈದು ವರ್ಷದಿಂದ ಕೈಯಿಂದ ತೆಗೆಯದ ಬಳೆಯನ್ನು ಸೋಪು ಹಚ್ಚಿ ತೆಗೆದವರಿದ್ದಾರೆ.

ಬೀಳುವುದಕ್ಕೆ ಒಂದು ಕ್ರಮವಿದೆ. ಗಲ್ಲವನ್ನು ಎದೆಗೆ ಒತ್ತಬೇಕು, ಇಲ್ಲದಿದ್ದರೆ ಹಿಂದಲೆ ನೆಲಕ್ಕೆ ಬಡಿಯುತ್ತದೆ. ಕೈ ಊರಬಾರದು, ಮಣಿಕಟ್ಟು ಮುರಿಯುತ್ತದೆ. ಬೆನ್ನಿನ ಮೇಲ್ಭಾಗ ತಾಗುವ ಕ್ಷಣಕ್ಕೇ ಎರಡೂ ಅಂಗೈಯಿಂದ ನೆಲವನ್ನು ಬಡಿಯಬೇಕು. ಆ ಸದ್ದು ಸರಿಯಾಗಿ ಬಂದರೆ ಬಿದ್ದದ್ದು ಸರಿ. ಮೇಡಂ ಗೋಡೆಯ ಕಡೆ ಮುಖ ಮಾಡಿ ನಿಂತು, ಸದ್ದು ಕೇಳಿಯೇ ಯಾರು ತಪ್ಪಿದರೆಂದು ಹೇಳುತ್ತಿದ್ದರು. "ಜುಬೈದಾ, ನೀನು ಬಿದ್ದದ್ದಲ್ಲ. ಯಾರೋ ಫ್ರಿಜ್ ಇಳಿಸಿದರು."

ನಾನು ದಿನಚರಿ ಬರೆಯುವವಳು, ಎಣಿಸುವ ಚಟವಿರುವವಳು. ಯಾರು ಎಷ್ಟು ಸಲ ಬಿದ್ದರೆಂದು ಗೀಟು ಹಾಕುವ ಕೆಲಸ ನನಗೇ ಬಂತು. ಅವರು ನನ್ನನ್ನು ನೋಟ್‌ಬುಕ್ ಎಂದೇ ಕರೆಯುತ್ತಿದ್ದರು. "ನೋಟ್‌ಬುಕ್, ಇವತ್ತು ಎಷ್ಟು?" ಆ ಪುಸ್ತಕಗಳು ಮೂರೂ ನನ್ನ ಮುಂದಿವೆ. ಜುಬೈದಕ್ಕ ಒಟ್ಟು ೨೧೪೦. ಕೌಂಟರ್ ಬಿಟ್ಟು ಬಂದು ಜೊತೆಗೆ ಬೀಳುತ್ತಿದ್ದ ನಾನು ೩೩೦೬. ಕಳೆದ ರಂಜಾನಿನಲ್ಲಿ ಜುಬೈದಕ್ಕ ತಮ್ಮ ಅಪಾರ್ಟ್‌ಮೆಂಟಿನ ಒದ್ದೆ ಮೆಟ್ಟಿಲಲ್ಲಿ ಸಮೋಸದ ತಟ್ಟೆ ಹಿಡಿದುಕೊಂಡೇ ಜಾರಿದರು. ತಟ್ಟೆ ಬಿಟ್ಟು ಅಂಗೈ ಬಡಿದರು. ಏನೂ ಆಗಲಿಲ್ಲ. ಮರುದಿನ ಬಂದು, "ಮೇಡಂ, ಸಮೋಸ ಖಲಾಸ್, ನಾನು ಉಳಿದೆ," ಎಂದಾಗ ಮೇಡಂ ನಕ್ಕರು. ಅವರು ಹಲ್ಲು ಕಾಣುವಂತೆ ನಕ್ಕದ್ದು ನನ್ನ ಲೆಕ್ಕದಲ್ಲಿ ನಾಲ್ಕು ಸಲ. ಅದರಲ್ಲಿ ಇದೊಂದು.

ನಗದಿರುವುದು ಅವರಿಗೆ ಅಭ್ಯಾಸವಾಗಿತ್ತು. ಹದಿನೈದನೇ ವಯಸ್ಸಿಗೆ ಕುಸ್ತಿಯ ಕಂಪೆನಿಗೆ ಸೇರಿದರಂತೆ. ಹೊಸಬರು ಹಿರಿಯರ ಚೀಲ ಹೊರಬೇಕು, ಬಟ್ಟೆ ಒಗೆಯಬೇಕು, ಅನ್ನ ಮಾಡಬೇಕು, ಉಳಿದ ಹೊತ್ತಿನಲ್ಲಿ ಬೀಳಬೇಕು. ಎರಡು ವರ್ಷದ ನಂತರ ಒಂದು ಬೆಳಿಗ್ಗೆ ಕಂಪೆನಿಯವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನೀನು ಒಳ್ಳೆಯವಳು, ನೀನು ಕೆಟ್ಟವಳು ಎಂದು ಬೆರಳು ತೋರಿಸಿ ಹಂಚಿದರು. ಅಂದಿನಿಂದ ಎರಡು ಬಸ್ಸು, ಎರಡು ಊಟದ ಕೋಣೆ. ಒಳ್ಳೆಯವರು ರಿಂಗಿಗೆ ಬಂದಾಗ ಜನ ಬಣ್ಣದ ಕಾಗದದ ಸುರುಳಿ ಎಸೆಯುತ್ತಿದ್ದರು. ಇವರಿಗೆ ಕಿತ್ತಳೆ ಸಿಪ್ಪೆ. ಬೀದಿಯಲ್ಲಿ, ಅಂಗಡಿಯಲ್ಲಿ, ರೈಲಿನಲ್ಲಿ ಎಲ್ಲಿಯೂ ನಗಬಾರದು. ನಕ್ಕರೆ ನೋಡಿದವರು ರಾತ್ರಿ ಟಿಕೆಟ್ ಕೊಳ್ಳುವುದಿಲ್ಲ.

ಒಂದೇ ತಿಂಗಳು ಸೇರಿ, ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ಗೆಳತಿಯೊಬ್ಬಳಿದ್ದಳು. ಆ ಬೆಳಿಗ್ಗೆ ಅವಳನ್ನು ಒಳ್ಳೆಯವಳು ಎಂದರು. ಮತ್ತೆ ಒಂಬತ್ತು ವರ್ಷ ಇಬ್ಬರೂ ಜನರೆದುರು ಮಾತಾಡಲಿಲ್ಲ.

"ಜನ ಇಲ್ಲದಾಗ?" ಎಂದು ಕೇಳಿದೆ.

"ಮೊದಲು ಮಾತಾಡುತ್ತಿದ್ದೆವು. ಆಮೇಲೆ ಅದೂ ಕಷ್ಟವಾಯಿತು."

ಹೆಂಗಸರನ್ನು ಇಪ್ಪತ್ತಾರನೇ ವಯಸ್ಸಿಗೆ ಮನೆಗೆ ಕಳಿಸುವುದು ಆ ಕಂಪೆನಿಯ ಪದ್ಧತಿ. ಬೀಳ್ಕೊಡುವಾಗ ರಿಂಗಿನ ನಡುವೆ ನಿಲ್ಲಿಸಿ ಹತ್ತು ಸಲ ಗಂಟೆ ಬಾರಿಸುತ್ತಾರೆ. ಗೆಳತಿಗೆ ಬಾರಿಸಿದರು. ಅವಳು ಮುಂದೆ ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಮಾಡಿದಳು. ಇವರ ಮೊಣಕಾಲು ಅದಕ್ಕೂ ಮೂರು ತಿಂಗಳು ಮೊದಲು ಹೋಯಿತು. ಕಂಪೆನಿಯಿಂದ ಆಸ್ಪತ್ರೆಗೆ, ಇನ್ನು ಬರಬೇಕಿಲ್ಲ ಎಂಬ ಒಂದು ಕಾಗದ ಬಂತು. ಇದನ್ನು ಹೇಳುವಾಗ ಮೇಡಂ ತಮ್ಮ ಹಣೆ ತಿಕ್ಕುತ್ತಿದ್ದರು. ಅವರ ಹಣೆ ತರಕಾರಿ ಹೆಚ್ಚುವ ಮಣೆಯ ಹಾಗಿತ್ತು, ತೆಳ್ಳಗಿನ ಗೀರುಗಳು ಒಂದರ ಮೇಲೊಂದು.

ಮೇಡಂನ ಗಂಡನೂ ಮೆಸಯೀದ್‌ನಲ್ಲಿ ಟೆಕ್ನಿಶಿಯನ್ ಆಗಿದ್ದ. ಕಳೆದ ನವೆಂಬರಿನಲ್ಲಿ ಅವನ ಕಾಂಟ್ರಾಕ್ಟ್ ಮುಗಿಯಿತು. ಅವನು ಹೊರಟ, ಇವರು ಹೊರಡಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅವನ ಕೆಲಸದವರು ಕೊಟ್ಟಿದ್ದ ಮನೆಯನ್ನು ನಾಲ್ಕು ದಿನದಲ್ಲಿ ಖಾಲಿ ಮಾಡಿ, ಅಲ್ ವುಕೈರ್‌ನಲ್ಲಿ ಜಿಮ್‌ನ ಇಬ್ಬರು ಫಿಲಿಪಿನೋ ಟ್ರೈನರ್‌ಗಳ ಕೋಣೆಯಲ್ಲಿ ಮೂರನೆಯ ಮಂಚ ಹಾಕಿಕೊಂಡರು. ವೀಸಾ ಜಿಮ್‌ನ ಹೆಸರಿಗೆ ಬಂತು. ಅಂದಿನಿಂದ ಕೆಲಸ ಹೋದರೆ ಈ ದೇಶವೂ ಹೋಗುತ್ತದೆ ಎಂಬ ಸ್ಥಿತಿ. ಊರಿಗೆ ಹೋದರೆ ಏನು ಎಂದು ಒಮ್ಮೆ ಕೇಳಿದ್ದೆ. "ಅಲ್ಲಿ ನಾನು ಮುಗಿದವಳು ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಹದಿನಾಲ್ಕು ಜನ ನನ್ನಿಂದ ಬೀಳುತ್ತಿದ್ದಾರೆ," ಎಂದರು.

ಏಪ್ರಿಲ್ ೨೧, ಸೋಮವಾರ, ನಮ್ಮ ತರಗತಿಯ ಒಬ್ಬರ ಮಗಳು ಹಳೆಯ ವಿಡಿಯೋ ಒಂದನ್ನು ಎಲ್ಲಿಂದಲೋ ಹುಡುಕಿ ತೆಗೆದಳು. ಜೊತೆಗೆ ಮೇಡಂನ ರಿಂಗಿನ ಹೆಸರೂ ಸಿಕ್ಕಿತು. ಸಂಜೆಯೊಳಗೆ ಹೆಂಗಸರ ಗ್ರೂಪಿನಲ್ಲಿ ಎಲ್ಲರೂ ನೋಡಿಯಾಗಿತ್ತು. ನಾನೂ ನೋಡಿದೆ. ಸೋತವಳ ತಲೆ ಬೋಳಿಸುವ ಪಂದ್ಯ ಅದು. ಮೊದಲು ಮೇಡಂ ಆ ಗೆಳತಿಯ ಕೊರಳಿಗೆ ಸರಪಳಿ ಸುತ್ತಿ ರಿಂಗಿನ ಸುತ್ತ ಎಳೆಯುತ್ತಾರೆ. ಕತ್ತರಿಯಿಂದ ಚುಚ್ಚುತ್ತಾರೆ. ಕೊನೆಗೆ ಸೋಲುತ್ತಾರೆ. ನಡುವೆ ಒಂದು ಕಬ್ಬಿಣದ ಕುರ್ಚಿ, ಅದರಲ್ಲಿ ಮುಖವೆಲ್ಲ ರಕ್ತವಾಗಿ ಮೇಡಂ, ಗೆಳತಿಯ ಕೈಯಲ್ಲಿ ಕ್ಷೌರದ ಮಷೀನು. ನೋಡುತ್ತಿದ್ದ ಹುಡುಗಿಯರು ಅಳುತ್ತಾರೆ, ಚಪ್ಪಾಳೆಯನ್ನೂ ತಟ್ಟುತ್ತಾರೆ.

ಮರುದಿನ ತರಗತಿಗೆ ಬಂದವರು ಮೂವರು.

ನಮ್ಮ ಮ್ಯಾನೇಜರ್ ಶೈಲಕ್ಕ ಕಾರ್ಕಳದ ಕಡೆಯವರು. ಕೆಟ್ಟವರಲ್ಲ. ನನಗೆ ಈ ಕೆಲಸ ಕೊಡಿಸಿದವರೂ ಅವರೇ. ಗುರುವಾರ ಬೆಳಿಗ್ಗೆ ಮೇಡಂನ ಎದುರು ಒಂದು ಬಿಳಿ ಹಾಳೆ ಇಟ್ಟರು.

"ನೋಡಿ ಮೇಡಂ, ಮಾಲಕಿಗೆ ಆರು ಫೋನ್ ಹೋಗಿದೆ. ರೌಡಿಯ ಹತ್ತಿರ ನಮ್ಮ ಹೆಂಗಸರನ್ನು ಬಿಡುದಾ ಅಂತ ಕೇಳ್ತಾರೆ. ನೀವು ಒಂದು ಲೈನ್ ಬರೆದುಕೊಡಿ. ಅದೆಲ್ಲ ನಾಟಕ, ಯಾರು ಗೆಲ್ಲುದು ಯಾರು ಸೋಲುದು ಅಂತ ಮೊದಲೇ ಫಿಕ್ಸ್ ಆಗಿರ್ತದೆ, ಅಷ್ಟು ಸಾಕು. ಸೈನ್ ಹಾಕಿ, ಖಲಾಸ್."

ಮೇಡಂ ಹಾಳೆಯನ್ನು ನೋಡುತ್ತಾ ಕೂತರು. ಆಮೇಲೆ ಹೇಳಿದರು: "ನಾನು ಸೋತೆ. ಅಷ್ಟನ್ನು ಬರೆಯಬಲ್ಲೆ."

"ಅದು ಬರೆದರೆ ಎಂತ ಪ್ರಯೋಜನ? ಸೋತದ್ದು ಎಲ್ಲರೂ ನೋಡಿಯಾಯ್ತಲ್ಲ."

"ಹೌದು. ಎಲ್ಲರೂ ನೋಡಿದ್ದಾರೆ."

ಅವರು ಎದ್ದು ಹೋದ ಮೇಲೆ ಶೈಲಕ್ಕ ನನ್ನತ್ತ ನೋಡಿದರು. "ಇವರಿಗೆ ಹಠ ಮಾರಾಯ್ತಿ. ಮಧ್ಯಾಹ್ನದೊಳಗೆ ಏನಾದರೂ ಕೊಡದಿದ್ರೆ ಮಾಲಕಿ ವೀಸಾ ಕ್ಯಾನ್ಸಲ್ ಮಾಡಿಸ್ತಾರೆ. ನೀನಾದ್ರೂ ಬರಿ. ನೀನು ಅವರ ಜೊತೆಗೇ ಇರುದಲ್ವಾ."

ನನ್ನ ದೊಡ್ಡಪ್ಪ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸರ ಪಾತ್ರ, ಮಾಡುತ್ತಿದ್ದವರು. ರಾತ್ರಿಯಿಡೀ ಅಬ್ಬರಿಸಿ ಬೆಳಗಿನ ಜಾವ ಸತ್ತು ಬಿದ್ದ ರಾಕ್ಷಸ, ರಂಗದ ಹಿಂದಿನ ಚೌಕಿಯಲ್ಲಿ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತ, ತನ್ನನ್ನು ಕೊಂದವನ ಕೈಯಿಂದಲೇ ಚಾ ತೆಗೆದುಕೊಳ್ಳುವುದನ್ನು ನೋಡಿ ಬೆಳೆದವಳು ನಾನು. ನಮ್ಮಲ್ಲಿ ಯಾರನ್ನಾದರೂ ವೇಷ ಎಂದರೆ ಅವರ ಮಾನ ಹೋಗುವುದಿಲ್ಲ. ಒಳ್ಳೆಯ ವೇಷ ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಮೇಡಂನದೂ ವೇಷ, ಅದನ್ನು ಹೇಳಿದರೆ ಇವರಿಗೆಲ್ಲ ತಿಳಿಯುತ್ತದೆ ಎಂದುಕೊಂಡೆ. ಒಂದು ಕ್ಷಣವೂ ಅನುಮಾನ ಬರಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಬರೆದೆ. ಏಳು ಸಾಲು. ನಾಲ್ಕನೆಯದು ಹೀಗೆ: ಈ ಪಂದ್ಯಗಳ ಸೋಲು ಗೆಲುವು ಮೊದಲೇ ತೀರ್ಮಾನವಾಗಿದ್ದವು, ಎಲ್ಲವೂ ಅಭಿನಯ ಎಂದು ಅವರೇ ನನಗೆ ಹೇಳಿದ್ದಾರೆ.

ಅವರು ಹೇಳಿರಲಿಲ್ಲ. ನಾನು ಮೂರು ಪುಸ್ತಕಗಳನ್ನೂ ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದ್ದೇನೆ. ಯಾವ ತಾರೀಕಿನಲ್ಲಿಯೂ ಆ ಮಾತಿಲ್ಲ. ಹತ್ತು ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ಆಗದೇ ಇದ್ದದ್ದನ್ನು ಆಯಿತೆಂದು ಬರೆದದ್ದು ಅದೊಂದೇ ಸಲ, ಅದೂ ಸಹಿ ಹಾಕಿ.

ಶೈಲಕ್ಕ ಅದರ ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಕೆಲಸ ಉಳಿಯಿತು. ಭಾನುವಾರ ಹದಿನಾಲ್ಕೂ ಜನ ವಾಪಸ್ಸು ಬಂದರು, ಜೊತೆಗೆ ಹೊಸಬರು ಮೂವರು. ಎಲ್ಲರಿಗೂ ಮೇಡಂನ ಮೇಲೆ ವಿಪರೀತ ಪ್ರೀತಿ ಬಂದಿತ್ತು.

"ಮೇಡಂ, ನೀವು ಎಂಥ ಆಕ್ಟಿಂಗ್ ಮಾಡ್ತೀರಿ. ನಾವು ನಿಜ ಅಂತಲೇ ಹೆದರಿದ್ದು."

"ಆ ರಕ್ತ ಎಂತದ್ದು ಮೇಡಂ, ಟೊಮೆಟೊ ಸಾಸಾ?"

"ಮುಂದಿನ ತಿಂಗಳು ನನ್ನ ಮಗನ ಬರ್ತ್‌ಡೇ. ಒಂದು ಸಣ್ಣ ಶೋ ಮಾಡಿ ಮೇಡಂ, ಮಕ್ಕಳಿಗೆ ಖುಷಿಯಾಗ್ತದೆ."

ಮೇಡಂ ಗೋಡೆಯ ಕಡೆ ತಿರುಗಿ ನಿಂತರು. ನನ್ನನ್ನು ಏನೂ ಕೇಳಲಿಲ್ಲ. ನೋಟ್‌ಬುಕ್ ಎಂದು ಕರೆಯುವುದನ್ನು ಮಾತ್ರ ನಿಲ್ಲಿಸಿದರು. ಅವರು ಕೇಳದಿದ್ದರೂ ನಾನು ಗೀಟು ಹಾಕುತ್ತಿದ್ದೆ. ಮೂರು ವಾರದಲ್ಲಿ ತರಗತಿಯ ಒಟ್ಟು ಬೀಳುವಿಕೆ ಅರ್ಧಕ್ಕೆ ಇಳಿಯಿತು. ಹೆಂಗಸರು ಬೀಳುವ ಮೊದಲೇ ನಗುತ್ತಿದ್ದರು, ನಕ್ಕರೆ ಗಲ್ಲ ಎದೆಯಿಂದ ಏಳುತ್ತದೆ. ಕೆಲವರು ಕೂತು ಮಲಗುತ್ತಿದ್ದರು, ಅದನ್ನೇ ಬಿದ್ದದ್ದು ಎನ್ನುತ್ತಿದ್ದರು.

ಮೇ ೧೮, ಭಾನುವಾರ. ಹೊಸಬರಲ್ಲೊಬ್ಬರು ಫೋನ್ ಎತ್ತಿ ಹಿಡಿದು, "ಮೇಡಂ, ಒಂದು ಸಲ ನೀವೇ ಬಿದ್ದು ತೋರಿಸಿ, ಆಕ್ಟಿಂಗ್ ಮಾಡಿ," ಎಂದರು. ಮೇಡಂ ಆಗಲಿ ಎಂದು ತಲೆಯಾಡಿಸಿದರು. ನಡುವಿನ ನಾಲ್ಕು ಮ್ಯಾಟುಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸಿದರು. ನಾನು ಸಹಾಯಕ್ಕೆ ಹೋದಾಗ ಕೈಯಿಂದ ತಡೆದರು. ಕೆಳಗೆ ಟೈಲ್ಸ್ ಇತ್ತು. ಅದರ ಮೇಲೆ ನಿಂತರು. ಗಲ್ಲವನ್ನು ಎದೆಗೆ ಒತ್ತಿ, ಮಡಚದ ಕಾಲನ್ನು ಹಾಗೇ ನೆಟ್ಟಗಿಟ್ಟು, ಹಿಂದಕ್ಕೆ ಬಿದ್ದರು.

ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಪಕ್ಕದ ಕೋಣೆಯಲ್ಲಿ ಹಾಡು ನಿಂತಿತು.

ಮಲಗಿದಲ್ಲಿಂದಲೇ ಕೇಳಿದರು: "ಆಕ್ಟಿಂಗ್?"

ಫೋನ್ ಹಿಡಿದಿದ್ದವರು ಅದನ್ನು ಕೆಳಗಿಳಿಸಿದರು. ಜುಬೈದಕ್ಕ ಒಬ್ಬರೇ ಮುಂದೆ ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. "ಇದೆಂತ ಮೇಡಂ ನೀವು," ಎಂದರು. ಮೇಡಂನ ಮೊಣಕೈಯಿಂದ ರಕ್ತ ಬರುತ್ತಿತ್ತು. ಮೇಡಂ ತಾವೇ ಟಿಶ್ಯೂ ತಂದು ಟೈಲ್ಸ್ ಒರೆಸಿದರು, ಮ್ಯಾಟುಗಳನ್ನು ಮತ್ತೆ ಜೋಡಿಸಿದರು. ಮಧ್ಯಾಹ್ನ ಶೈಲಕ್ಕನ ಮೇಜಿನ ಮೇಲೆ ರಾಜೀನಾಮೆ ಇತ್ತು. ಶೈಲಕ್ಕ ಇಂದಿಗೂ ಎಲ್ಲರಿಗೂ ಹೇಳುತ್ತಾರೆ: "ನಾವು ತೆಗೆದದ್ದಲ್ಲ, ಅವರೇ ಬಿಟ್ಟದ್ದು." ಅದು ನಿಜ. ಈ ಕಥೆಯಲ್ಲಿ ಎಲ್ಲರ ಮಾತೂ ನಿಜವೇ, ನನ್ನ ನಾಲ್ಕನೆಯ ಸಾಲೊಂದನ್ನು ಬಿಟ್ಟು.

ಮೇ ೨೭, ಮಂಗಳವಾರ, ಸಂಜೆ ಐದಕ್ಕೆ, ಜಿಮ್‌ನ ಎದುರಿನ ಕರಕ್ ಚಾ ಅಂಗಡಿಯಲ್ಲಿ ಕೊನೆಯ ಸಲ ಕೂತೆವು. ನಾನೇ ಕರೆದದ್ದು. ನಿಮ್ಮ ಕೆಲಸ ಉಳಿಸಲು ಬರೆದೆ ಎಂದೆ. ದೊಡ್ಡಪ್ಪನ ವಿಷಯವನ್ನೂ ಹೇಳಿದೆ, ವೇಷ ಎಂದರೆ ನಮ್ಮಲ್ಲಿ ಏನೆಂದು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿನ್ನ ದೊಡ್ಡಪ್ಪ ನಿಜವಾಗಿ ಸಾಯುವುದಿಲ್ಲ ಅಂತ ನೋಡುವವರಿಗೆ ಗೊತ್ತಿತ್ತು ಅಲ್ಲವಾ?"

"ಗೊತ್ತಿತ್ತು."

"ನನ್ನ ತಲೆ ಬೋಳಿಸಿದಾಗ ನನ್ನ ತಾಯಿ ಮೂರನೆಯ ಸಾಲಿನಲ್ಲಿ ಕೂತಿದ್ದಳು," ಎಂದರು. "ಮನೆಗೆ ಬಂದು ಕೇಳಿದಳು, ಇದು ಮೊದಲೇ ಮಾತಾಗಿತ್ತಾ, ನೀನು ಒಪ್ಪಿಕೊಂಡೇ ಕೂತೆಯಾ ಅಂತ. ನಾನು ಉತ್ತರ ಕೊಡಲಿಲ್ಲ. ನಾವು ಯಾರೂ ಕೊಡುತ್ತಿರಲಿಲ್ಲ. ಸಾಯುವ ವಾರದಲ್ಲಿಯೂ ಕೇಳಿದಳು. ಹೇಳಿದ್ದರೆ ಅವಳಿಗೆ ನೆಮ್ಮದಿಯಾಗುತ್ತಿತ್ತು, ಗೊತ್ತು. ಹೇಳಲಿಲ್ಲ."

ಚಾ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು.

"ನನ್ನ ತಾಯಿ ಕೇಳಿದರೂ ನಾನು ಹೇಳದೇ ಇದ್ದದ್ದನ್ನು ನೀನು ಕೇಳದೆಯೇ ಬರೆದೆ."

ನಾನು ಕ್ಷಮಿಸಿ ಎಂದೆ. ಅವರು ಎದ್ದು ನಿಂತು, ತರಗತಿ ಮುಗಿದಾಗ ಮ್ಯಾಟಿಗೆ ಬಗ್ಗುತ್ತಿದ್ದ ಹಾಗೆ ನನ್ನೆದುರು ಸೊಂಟದವರೆಗೆ ಬಗ್ಗಿದರು. ಅದು ಕ್ಷಮೆಯೋ, ವಿದಾಯವೋ, ಅವರ ಕಡೆಯ ಬರಿಯ ರೂಢಿಯೋ ನನಗೆ ತಿಳಿಯಲಿಲ್ಲ. ಗುರುವಾರದ ವಿಮಾನದಲ್ಲಿ ಹೋದರು. ಅವರು ಕೊಟ್ಟಿದ್ದ ನಂಬರಿಗೆ ಹನ್ನೊಂದು ಸಲ ಕರೆ ಮಾಡಿದ್ದೇನೆ. ಹತ್ತು ಸಲ ಬರಿಯ ರೆಕಾರ್ಡಿಂಗ್. ಒಂದು ಸಲ ಯಾರೋ ಎತ್ತಿ, ಏನೂ ಹೇಳದೆ ಇಟ್ಟರು.

ಜೂನ್ ೧ರಂದು ಗ್ರೂಪಿಗೆ ಬರೆದೆ: ನಾಲ್ಕನೆಯ ಸಾಲು ಸುಳ್ಳು, ಅವರು ನನಗೆ ಹಾಗೆ ಹೇಳಿಲ್ಲ. ನಾಲ್ವರು ಹೆಬ್ಬೆರಳು ಒತ್ತಿದರು. ಒಬ್ಬರು ಇನ್ನು ಜುಂಬಾ ಯಾವಾಗ ಎಂದು ಕೇಳಿದರು. ಜುಬೈದಕ್ಕ ಮಾತ್ರ ಫೋನ್ ಮಾಡಿ, "ಈಗ ಬರೆದು ಎಂತ ಮಾಡುದು," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಈಗ ಎಂಟೂ ಹತ್ತು. ಅತ್ತಿಗೆ ಎದ್ದಿದ್ದಾರೆ.

ಇದನ್ನು ಇಲ್ಲಿನ ಕನ್ನಡ ಸಂಘದ ಸಂಚಿಕೆಗೆ ಕಳಿಸುತ್ತಿದ್ದೇನೆ. ಅದು ಇಲ್ಲಿಂದ ಊರಿಗೆ, ಊರಿಂದ ಬೇರೆ ದೇಶಗಳಿಗೂ ಹೋಗುತ್ತದೆಂದು ಕೇಳಿದ್ದೇನೆ. ಜಪಾನಿನಲ್ಲಿ ಕೆಲಸದಲ್ಲಿರುವ ನಮ್ಮ ಕಡೆಯವರೂ ಓದುತ್ತಾರಂತೆ. ಎಡಗಾಲು ಮಡಚದ, ಹಣೆಯ ತುಂಬ ಗೀರಿರುವ, ತಮ್ಮ ಚೀಲವನ್ನು ಬೇರೆಯವರಿಗೆ ಹೊರಲು ಬಿಡದ ಒಬ್ಬರನ್ನು ಎಲ್ಲಿಯಾದರೂ ಕಂಡಿದ್ದರೆ ಸಂಚಿಕೆಯ ವಿಳಾಸಕ್ಕೆ ಬರೆಯಿರಿ. ಎಲ್ಲಿದ್ದಾರೆ, ಯಾರ ಜೊತೆಗಿದ್ದಾರೆ, ಯಾರಿಗಾದರೂ ಕಲಿಸುತ್ತಿದ್ದಾರೆಯೇ, ಏನಾದರೂ ಸರಿ. ಒಂದು ಸಾಲಾದರೂ ಸಾಕು. ಆ ಪಂದ್ಯದ ಸೋಲು ಮೊದಲೇ ಮಾತಾಗಿತ್ತೇ ಇಲ್ಲವೇ ಎಂಬುದು ನಿಮಗೆ ತಿಳಿದಿದ್ದರೆ, ದಯವಿಟ್ಟು ಅದನ್ನು ಬರೆಯಬೇಡಿ.